ನೀಲಿ ಅಂಚಿನ ಬೋಗುಣಿ

ಮತ್ತೆ ನೊರೆ ಬಂತು, ಬೂದು ಬಣ್ಣದ್ದು, ಪಾತ್ರೆಯ ಅಂಚಿಗೆ ಹೋಗಿ ಅಂಟಿಕೊಳ್ಳುತ್ತಿದೆ, ತೆಗೆದಷ್ಟೂ ಬರುತ್ತದೆ ಹಾಳಾದ್ದು, ಚಮಚ ಎಲ್ಲಿಟ್ಟೆ, ಇಲ್ಲೇ ಇದೆ, ಕೈಯಲ್ಲೇ — ಕೈಯಲ್ಲಿರೋದನ್ನ ಮನೆಯೆಲ್ಲಾ ಹುಡುಕೋ ಗಿರಾಕಿ ನೀವು, ಅನ್ನುತ್ತಿದ್ದಳು ಹೆಂಡತಿ, ಹೆಂಡತಿ ಅನ್ನಬಹುದೋ ಇಲ್ಲವೋ ಈಗ, ಅವಳು ತನ್ನ ಅಕ್ಕನ ಮನೆಗೆ ಹೋಗಿ ಎರಡು ತಿಂಗಳಾಯಿತು, ಹೋದರೂ ಹೆಂಡತಿ ಹೆಂಡತಿಯೇ ತಾನೆ. ಅವನು ನೊರೆಯನ್ನು ಮೆಲ್ಲಗೆ ಬಳಿದು ತೆಗೆದು ಸಿಂಕಿಗೆ ಕೊಡವಿದ, ಗೋಡೆಯ ಗಡಿಯಾರ ನೋಡಿದ, ಒಂದೂ ಹತ್ತು. ಅವಳು ಬರುವುದು ನಾಲ್ಕಕ್ಕೆ. ಬೆಳಿಗ್ಗೆ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ, ಅಪ್ಪಾ, ಅಮ್ಮ ಇವತ್ತು ನಾಲ್ಕು ಗಂಟೆಗೆ ಬರ್ತಾಳೆ, ನಿನಗೆ ವಾರದ ರಜೆ ಅಂತ ಗೊತ್ತಿದ್ದೇ ಬರ್ತಿದಾಳೆ, ದೊಡ್ಡ ಪಾತ್ರೆ ತಗೊಂಡು ಹೋಗ್ತಾಳಂತೆ, ಅವಳದು ಅಂತ ಅಲ್ಲಿ ಉಳಿದಿರೋದು ಅದೊಂದೇ, ಅದೂ ಹೋದ್ರೆ ಆಮೇಲೆ ಅವಳು ಅಲ್ಲಿಗೆ ಬರೋಕೆ ಒಂದು ನೆಪಾನೂ ಇರಲ್ಲ, ಕೇಳಿಸ್ತಿದೆಯಾ, ಈ ಸಲವಾದ್ರೂ ಬಾಯಿ ಬಿಡಪ್ಪ, ಹೋಗಬೇಡ ಅಂತ ಒಂದು ಮಾತು, ನಾಲ್ಕೇ ನಾಲ್ಕು ಅಕ್ಷರ. ಇವನು ಹೂಂ ಅಂದ. ಆಮೇಲೆ, ತಿಂಡಿ ತಿಂದ್ಯಾ ಮಗಳೇ, ಅಂದ. ಆ ಕಡೆ ಮಗಳು ಒಂದು ಉಸಿರು ಬಿಟ್ಟಳು, ಅವಳಮ್ಮನದೇ ಉಸಿರು ಅದು, ಮೂಗಿನಿಂದ, ಮತ್ತೆ ಫೋನ್ ಇಟ್ಟಳು.

ಮನೆಯಲ್ಲಿ ಇಷ್ಟೊಂದು ಪಾತ್ರೆ ಇರುವಾಗ ಇವನು ಸೂಪಿಗೆ ಕೋಳಿಮೂಳೆ ಹಾಕಿದ್ದು ಅದೇ ಪಾತ್ರೆಗೆ. ಹನ್ನೆರಡೂವರೆಗೆ ಒಲೆಯ ಮೇಲಿಟ್ಟ. ಮೂಳೆ ನೀರಿಗೆ ಕಮ್ಮಿಯೆಂದರೂ ನಾಲ್ಕು ಗಂಟೆ ಬೇಕು, ಹನ್ನೆರಡೂವರೆಗೆ ಬಿಟ್ಟರೆ ನಾಲ್ಕೂವರೆಗೆ ತಲುಪುತ್ತದೆ, ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ, ಅವಳು ನಾಲ್ಕಕ್ಕೆ ಬಂದರೆ ಅರ್ಧ ಗಂಟೆ ಕೂರಲೇಬೇಕು, ಕುದಿಯುವ ಪಾತ್ರೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋಗುವುದಕ್ಕಾಗುತ್ತದೆಯೇ. ಬೇಕಂತ ಮಾಡಿದ್ದಲ್ಲ. ಮಾಡಿದ್ದಲ್ಲ ಅಂದರೆ — ಸರಿ, ಬೇಕಂತಲೇ ಮಾಡಿದ್ದು, ಏನೀಗ, ಇಲ್ಲಿ ಕೇಳುವವರು ಯಾರಿದ್ದಾರೆ. ಮಾತಾಡಲು ಬಾರದವನು ಮೂಳೆ ಬೇಯಿಸುತ್ತಾನೆ. ಉರಿ ಇನ್ನಷ್ಟು ಸಣ್ಣ ಮಾಡಿದ, ಕುದಿಯಬಾರದು, ನಡುಗಬೇಕು ಅಷ್ಟೇ, ಕೊತಕೊತ ಅಂದ್ರೆ ನೀರು ಕದಡಿಹೋಗುತ್ತೆ ರೀ, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದ್ರೆ ಸಾಕು, ಅಂತ ಅವಳು ಪಕ್ಕದಲ್ಲಿ ನಿಂತು ಹೇಳುವಾಗ ಅವಳ ಬಾಯಲ್ಲಿ ಯಾವಾಗಲೂ ಒಂದು ಗುಂಡುಸೂಜಿ, ಅವಳು ದರ್ಜಿ, ಕೋಟು ಪ್ಯಾಂಟಿನ ಹೊಲಿಗೆ ಬಿಚ್ಚಿ ಅಳತೆ ಸರಿಮಾಡುವ ಅಂಗಡಿಯಲ್ಲಿ ಕೆಲಸ, ಮನೆಗೆ ಬಂದ ಮೇಲೂ ಸೂಜಿ ತೆಗೆಯುವುದು ಮರೆತಿರುತ್ತಿತ್ತು. ನುಂಗಿಬಿಟ್ಟೀಯ ಕಣೆ. ನುಂಗಿದ್ರೆ ಆಗಲಾದ್ರೂ ನೀವು ಗಾಬರಿಯಾಗ್ತೀರಲ್ಲ, ಅದೊಂದು ನೋಡ್ಬೇಕು ನಾನು.

ಕೋಳಿ ನಿನ್ನೆಯದು. ಭಾನುವಾರ ಅಂದರೆ ಒಂದು ಇಡೀ ಕೋಳಿ ಓವನ್ನಿಗೆ ಹೋಗಬೇಕು ಈ ಮನೆಯಲ್ಲಿ, ಹೊಟ್ಟೆಯೊಳಗೆ ಅರ್ಧ ನಿಂಬೆಹಣ್ಣು, ಮೇಲೆ ಬೆಣ್ಣೆ, ಸೋಮವಾರ ಅದರ ಮೂಳೆ ಈ ಪಾತ್ರೆಗೆ. ಕೋಳಿ ಅಂಗಡಿಯವನು ಎರಡು ತಿಂಗಳಾದ ಮೇಲೆ ಇವನ ಮುಖ ಕಂಡ ಕೂಡಲೇ ಯಾವಾಗಲೂ ಕೊಡುವ ತೂಕದ್ದನ್ನೇ ಎತ್ತಿ ಕಾಗದ ಸುತ್ತಿದ, ಚಿಕ್ಕದು ಕೊಡಪ್ಪ, ಈಗ ಒಬ್ಬನೇ, ಅನ್ನಬೇಕಿತ್ತು, ಅನ್ನಲಿಲ್ಲ, ಅಂದರೆ ನಿಜವಾಗಿಬಿಡುತ್ತದಲ್ಲ. ನಿನ್ನೆ ನಿಂತುಕೊಂಡೇ ಒಂದು ಕಾಲು ತಿಂದ, ಇನ್ನೊಂದು ಕಾಲು ಅವಳದು, ಅದನ್ನು ಮುಟ್ಟಲಿಲ್ಲ, ಇವತ್ತು ಅದನ್ನೂ ಬಿಡಿಸಬೇಕಾಯಿತು, ಮಾಂಸ ಒಂದು ತಟ್ಟೆಗೆ, ಮೂಳೆ ಒಂದು ಕಡೆ, ಸುಟ್ಟು ಕಂದಿದ ಚರ್ಮ, ತಟ್ಟೆಯ ತಳದಲ್ಲಿ ಹೆಪ್ಪುಗಟ್ಟಿದ ರಸ, ಅದನ್ನ ಬಿಸಾಕಬೇಡಿ, ರುಚಿ ಎಲ್ಲಾ ಅದರಲ್ಲೇ ಇರೋದು, ಬೆರಳಲ್ಲಿ ಬಳಿದು ಹಾಕಿ. ಹಾಕಿದ. ಬೆನ್ನಿನ ಮೂಳೆಯನ್ನು ಎರಡು ಕೈಯಲ್ಲಿ ಹಿಡಿದು ಮುರಿದ, ಟಪ್ ಅಂತು, ತಣ್ಣೀರು ಮುಳುಗುವಷ್ಟು, ಈರುಳ್ಳಿ ಸಿಪ್ಪೆ ಸಮೇತ ಎರಡು ಹೋಳು, ಸಿಪ್ಪೆ ಇದ್ದರೆ ಬಣ್ಣ ಬರುತ್ತದೆ, ಒಂದು ಕ್ಯಾರೆಟ್, ನಾಲ್ಕು ಬೆಳ್ಳುಳ್ಳಿ, ಹತ್ತು ಕಾಳು ಮೆಣಸು, ಒಂದು ಚಮಚ ವಿನೆಗರ್. ಉಪ್ಪಿಲ್ಲ. ಉಪ್ಪು ಕೊನೆಗೆ, ಬಟ್ಟಲಿಗೆ ಬಿದ್ದ ಮೇಲೆ. ಎಲ್ಲ ನೆನಪಿದೆ, ಒಂದೂ ತಪ್ಪಿಲ್ಲ, ನೋಡು, ನೀನು ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದೇನೆ ನಾನು, ಗೋಡೆ ಜೊತೆ ಮಾತಾಡಿದ ಹಾಗೆ ಅನ್ನುತ್ತಿದ್ದೆಯಲ್ಲ, ಗೋಡೆಗೆ ಎಲ್ಲ ಬಾಯಿಪಾಠ ಬಂದಿದೆ. ಎರಡು ಗಂಟೆ. ಅಡಿಗೆಮನೆಗೆ ವಾಸನೆ ತುಂಬಿತು, ಕಿಟಕಿಯ ಗಾಜಿನ ಮೇಲೆ ಹಬೆ.

ಪಾತ್ರೆಗೆ ಎರಡು ಹಿಡಿಕೆ, ಎಡಗಡೆಯದು ಸಡಿಲವಾಗಿ ಅಲ್ಲಾಡತೊಡಗಿದಾಗ ಅವಳು ಕೋಟಿಗೆ ಗುಂಡಿ ಹೊಲಿಯುವ ದಪ್ಪ ಕಪ್ಪು ದಾರ ಸುತ್ತಿ ಬಿಗಿದಿದ್ದಳು, ಈಗ ದಾರ ಎಣ್ಣೆ ಕುಡಿದು ಚರ್ಮದ ಹಾಗಾಗಿದೆ. ಮದುವೆಯಾದ ಹೊಸತರಲ್ಲಿ ಕೊಂಡದ್ದು ಇದು, ಒಂದೇ ಕೋಣೆ, ಕೋಣೆಯ ಮೂಲೆಯಲ್ಲೇ ಒಲೆ, ಇಬ್ಬರಿಗೆ ಇಷ್ಟು ದೊಡ್ಡ ಪಾತ್ರೆ ಯಾಕೆ ಅಂದದ್ದಕ್ಕೆ, ಯಾವಾಗಲೂ ಇಬ್ಬರೇ ಇರ್ತೀವಾ, ಅಂದು ಅವಳು ಆ ಕಡೆ ತಿರುಗಿ ನಕ್ಕಳು. ಮೊದಲ ಸಲ ಮೂಳೆ ನೀರು ಸೋಸಿದ ದಿನ — ಇವನು ಎರಡೂ ಹಿಡಿಕೆಗೆ ಬಟ್ಟೆ ಹಿಡಿದು ಎತ್ತಿ ಬಗ್ಗಿಸಿದ್ದಾನೆ, ಸಿಂಕಿನಲ್ಲಿ ಜಾಲರಿ ಮಾತ್ರ ಇದೆ, ಆಲೂಗಡ್ಡೆ ಬೇಯಿಸಿದ ನೀರು ಬಸಿಯುವವನ ಹಾಗೆ ಇವನು ಬಗ್ಗಿಸುತ್ತಿದ್ದಾನೆ, ಅಯ್ಯೋ ರೀ, ಕೆಳಗೆ ಏನೂ ಇಲ್ಲ! — ಅವಳ ಎಡಗೈ ಬಂತು, ನೀಲಿ ಅಂಚಿನ ಬೋಗುಣಿಯನ್ನು ಜಾಲರಿಯ ಕೆಳಗೆ ತಳ್ಳಿತು, ಆಗಲೇ ಬಿಸಿ ನೀರು ಬಿತ್ತು, ಮಣಿಕಟ್ಟಿನ ಮೇಲೂ ಒಂದು ತೊಟ್ಟು, ಅಕ್ಕಿಕಾಳಿನಷ್ಟು ಸುಟ್ಟ ಗುರುತು, ಅದು ಹೋಗಲೇ ಇಲ್ಲ. ಅಂದು ಇಬ್ಬರೂ ನಕ್ಕು ನಕ್ಕು ನೆಲಕ್ಕೆ ಕೂತಿದ್ದರು, ನಾಲ್ಕು ಗಂಟೆ ಬೇಯಿಸಿ ಮೋರಿಗೆ ಬಿಡ್ತಿದ್ರಲ್ಲ ಮಹಾರಾಯರೇ, ಇನ್ನು ಮೇಲೆ ಬಗ್ಗಿಸೋದು ನಿಮ್ಮ ಕೆಲಸ, ಬೋಗುಣಿ ಇಡೋದು ನನ್ನ ಕೆಲಸ, ಆಯ್ತಾ. ಆಯ್ತು ಅಂದ. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು, ಇವನು ಒಮ್ಮೆಯೂ ಕೆಳಗೆ ನೋಡಿದ್ದಿಲ್ಲ, ಪಾತ್ರೆ ಎತ್ತುವಷ್ಟರಲ್ಲಿ ಅವಳ ಎಡಗೈ ಬಂದಿರುತ್ತಿತ್ತು, ನೀಲಿ ಅಂಚು, ಅಕ್ಕಿಕಾಳಿನ ಗುರುತು, ಜಗಳವಾಡಿದ ದಿನವೂ, ಮುಖ ತಿರುಗಿಸಿಕೊಂಡಿದ್ದ ದಿನವೂ ಕೈ ಮಾತ್ರ ಬರುತ್ತಿತ್ತು. ಮೂರು ಗಂಟೆಗೆ ಇನ್ನು ಇಪ್ಪತ್ತು ನಿಮಿಷ.

ಮೇಲೆ ಎಣ್ಣೆ ತೇಲುತ್ತಿದೆ, ಸಣ್ಣ ಸಣ್ಣ ಹೊಂಬಣ್ಣದ ಚಕ್ರ, ಎರಡು ಹತ್ತಿರ ಬಂದು ಒಂದಾಗುತ್ತವೆ, ಚಮಚ ತಾಕಿದರೆ ಮತ್ತೆ ಎರಡು. ಅವಳು ಹೋದದ್ದು ಒಂದು ಗುರುವಾರ. ನಾನು ಅಕ್ಕನ ಮನೆಗೆ ಹೋಗ್ತಿದೀನಿ, ವಾಪಸ್ ಬರೋ ಯೋಚನೆ ಇಲ್ಲ, ಅಂದಳು, ಬಾಗಿಲ ಹತ್ತಿರ ಪೆಟ್ಟಿಗೆ ಇತ್ತು. ಇವನು ಏನಂದ — ಥೂ, ನೆನೆಸಿಕೊಂಡರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ — ಭಾರ ಇದೆ, ಕೊಡು, ಅಂದ. ಮೂರು ಮಹಡಿ ಇಳಿಸಿಕೊಟ್ಟ. ಅಷ್ಟು ಸಾಲದೆಂದು, ಹದಿನಾಲ್ಕನೇ ನಂಬರ್ ಹತ್ತಬೇಡ, ಸೇತುವೆ ಹತ್ತಿರ ರಸ್ತೆ ಅಗೆದಿದಾರೆ, ಒಂಬತ್ತರಲ್ಲಿ ಹೋಗು, ಕೂರೋಕೆ ಸೀಟು ಸಿಗುತ್ತೆ, ಅಂದ. ಲೋಕದಲ್ಲಿ ಯಾವ ಗಂಡನಾದರೂ ಬಿಟ್ಟುಹೋಗುವ ಹೆಂಡತಿಗೆ ಬಸ್ಸಿನ ನಂಬರ್ ಹೇಳುತ್ತಾನೆಯೇ, ನೀನೇ ಇರಬೇಕು ಮೊದಲನೆಯವನು, ಕತ್ತೆ. ಮೆಟ್ಟಿಲಿನಲ್ಲಿ ಇವನು ಮುಂದೆ, ಅವಳು ಹಿಂದೆ, ಅವಳ ಚಪ್ಪಲಿಯ ಸದ್ದು ಪ್ರತಿ ತಿರುವಿನಲ್ಲೂ ನಿಲ್ಲುತ್ತಿತ್ತು, ಅವಳಿಗೆ ಏದುಸಿರು ಬಂದಿರಬೇಕು ಅನ್ನಿಸಿತು ಇವನಿಗೆ, ಮೆಲ್ಲಗೆ ಇಳಿ, ಅಂದ. ಆಮೇಲೆ ಮಗಳು ಹೇಳಿದ್ದು, ಅಮ್ಮ ಒಂದೊಂದು ತಿರುವಲ್ಲೂ ಕಾದಳಂತೆ ಅಪ್ಪಾ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಮೂರು ಮಹಡಿಗೆ ಆರು ತಿರುವು. ಆರು ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು ನಿಂತವಳನ್ನು ಹತ್ತಿಸಿಕೊಳ್ಳದೆ ಬಂದುಬಿಟ್ಟ.

ಅವಳಿಗೆ ಏನು ಕಮ್ಮಿಯಾಗಿತ್ತು ಅಂತ ಕೇಳಿದರೆ — ಮಾತು, ಬೇರೇನೂ ಅಲ್ಲ. ಹೋಗುವುದಕ್ಕೆ ಒಂದು ವಾರ ಮುಂಚೆ ಎದೆಯಲ್ಲಿ ಗಂಟು ಅಂತ ಆಸ್ಪತ್ರೆಗೆ ಹೋಗಿದ್ದಳು, ನಾನೂ ಬರಲಾ ಅಂತ ಕೇಳಬೇಕು ಅಂದುಕೊಂಡೇ ಇವನು ಡ್ಯೂಟಿಗೆ ಹೋದ, ಸಂಜೆ ಬಂದಾಗ ಅವಳು ಕುರ್ಚಿಯಲ್ಲಿ ಕೂತಿದ್ದಳು, ಏನೂ ಇಲ್ಲವಂತೆ, ಬರೀ ಕೊಬ್ಬಂತೆ, ಅಂದಳು. ಒಳ್ಳೇದಾಯ್ತು ಅಂದು ಇವನು ಕೈ ತೊಳೆಯಲು ಹೋದ. ನಲ್ಲಿ ಬಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದ ಅಂತ ಅವಳಿಗೇನು ಗೊತ್ತು, ಆ ದಿನ ಮೂರು ಸ್ಟಾಪು ನಿಲ್ಲಿಸದೆ ಓಡಿಸಿದ್ದು ಅವಳಿಗೇನು ಗೊತ್ತು, ಹಿಂದಿನಿಂದ ಒಬ್ಬ ಅಜ್ಜಿ ಕೊಡೆಯಲ್ಲಿ ಕಂಬಿಗೆ ಬಾರಿಸಿ, ಏನಪ್ಪಾ, ನಮ್ಮನ್ನ ನಿಮ್ಮ ಮನೆಗೇ ಕರ್ಕೊಂಡು ಹೋಗ್ತೀಯಾ, ಅಂತ ಕೂಗಿದ್ದು, ಕಂಡಕ್ಟರ್ ಮುಂದೆ ಬಂದು — ಸೀಟಿ ಅಂತ ಅವನಿಗೆ ಅಡ್ಡಹೆಸರು, ಬಾಯಲ್ಲಿ ಸದಾ ಸೀಟಿ — ಅಣ್ಣಾ, ಹುಷಾರಿದೀರಾ, ಮುಖ ನೋಡಿದ್ರೆ ಡಿಪೋಗೆ ವಾಪಸ್ ಹೋಗೋ ಬಸ್ಸಿನ ಥರ ಇದೆ, ಒಳಗೆ ಲೈಟೇ ಇಲ್ಲ, ಅಂದದ್ದು. ಇದನ್ನೆಲ್ಲ ಅವಳಿಗೆ ಹೇಳಬಹುದಿತ್ತು. ಇವತ್ತು ಮೂರು ಸ್ಟಾಪು ತಪ್ಪಿಸಿದೆ ಕಣೆ, ಅಷ್ಟು ಹೇಳಿದ್ದರೆ ಅವಳಿಗೆ ಸಾಕಾಗುತ್ತಿತ್ತು, ಅವಳು ಅಷ್ಟರಲ್ಲೇ ಎಲ್ಲ ಅರ್ಥ ಮಾಡಿಕೊಳ್ಳುವವಳು. ಹೇಳಲಿಲ್ಲ. ಮಾತು ಬಾಯಿಯವರೆಗೆ ಬರುತ್ತದೆ, ಹಲ್ಲಿನ ಹಿಂದೆ ನಿಲ್ಲುತ್ತದೆ, ಅಲ್ಲಿಂದ ತಿರುಗಿ ಒಳಗೆ ಹೋಗುತ್ತದೆ, ಅಪ್ಪನೂ ಹೀಗೇ ಇದ್ದ, ಅಮ್ಮ ಸತ್ತ ದಿನ ಅವನು ಅಂದದ್ದು, ಬಾಗಿಲು ಸರಿಯಾಗಿ ಹಾಕಿ, ನಾಯಿ ಬರುತ್ತೆ, ಅಂತ.

ಮೂರೂ ಐವತ್ತಕ್ಕೆ ಶರ್ಟು ಬದಲಾಯಿಸಿದ. ಎರಡನೇ ಗುಂಡಿ ಇಲ್ಲ, ಹಳೆಯದನ್ನೇ ಮತ್ತೆ ಹಾಕಿಕೊಂಡ. ಹೋಗಬೇಡ. ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿದ, ಸ್ಟಾಪ್ ಬರದೆ ಇಳಿಯಬೇಡಿ ಅಂತ ಪ್ರಯಾಣಿಕರಿಗೆ ಹೇಳಿದ ಹಾಗೆ ಕೇಳಿಸಿತು. ಹೋಗಬೇಡ ಕಣೆ. ಇದು ಪರವಾಗಿಲ್ಲ. ಬೆಲ್ ಆಯಿತು — ಅವಳ ಹತ್ತಿರ ಬೀಗದ ಕೈ ಇದೆ, ಇದ್ದೂ ಬೆಲ್ ಮಾಡಿದಳು. ಬಾಗಿಲು ತೆಗೆದ. ಕೂದಲು ಸ್ವಲ್ಪ ಚಿಕ್ಕದಾಗಿದೆ, ಹೆಗಲಿಗೆ ದೊಡ್ಡ ಬಟ್ಟೆಯ ಚೀಲ, ಪಾತ್ರೆ ಹಿಡಿಸುವಂಥ ಚೀಲ, ತಾನೇ ಹೊಲಿದದ್ದಿರಬೇಕು, ಅಳತೆ ಬಾಯಿಪಾಠ ಇದ್ದಿರಬೇಕು ಅವಳಿಗೆ. ಮೂಗು ಮೇಲೆತ್ತಿ ಒಮ್ಮೆ ಉಸಿರೆಳೆದುಕೊಂಡಳು. ಅದರಲ್ಲೇ ಇಟ್ಟಿದೀರಾ, ಅಂದಳು. ಬೇರೆ ಯಾವುದೂ ಸಾಲಲ್ಲ, ಅಂದ ಇವನು. ಒಳಗೆ ಬಂದಳು, ಸೀದಾ ಒಲೆಯ ಹತ್ತಿರ, ಮುಚ್ಚಳ ಸರಿಸಿದಳು, ಅವಳ ಕೈ ತಾನಾಗಿಯೇ ಚಮಚ ತೆಗೆದುಕೊಂಡಿತು, ಅಂಚಿನಲ್ಲಿ ಉಳಿದಿದ್ದ ನೊರೆ ಬಳಿಯಿತು, ಉಪ್ಪು ಹಾಕಿಲ್ಲ ತಾನೆ. ಇಲ್ಲ. ಸಿಪ್ಪೆ ಸಮೇತ ಹಾಕಿದೀರಾ ಈರುಳ್ಳಿ. ಹೂಂ. ಅಡ್ಡಿಯಿಲ್ಲ, ಅಂದಳು, ಆ ಅಡ್ಡಿಯಿಲ್ಲ ಎಂಬುದನ್ನು ಇವನು ಎರಡು ತಿಂಗಳಿಂದ ಕೇಳಿರಲಿಲ್ಲ, ಇನ್ನೊಮ್ಮೆ ಅನ್ನಲಿ, ದೇವರೇ, ಯಾವುದಕ್ಕಾದರೂ ಸರಿ ಇನ್ನೊಮ್ಮೆ ಅನ್ನಲಿ.

ಎಷ್ಟು ಹೊತ್ತು ಬೇಕು ಇನ್ನೂ. ಅರ್ಧ ಗಂಟೆ. ಅವಳು ಕುರ್ಚಿಯ ತುದಿಯಲ್ಲಿ ಕೂತಳು, ಚೀಲ ಹೆಗಲಿನಿಂದ ಇಳಿಸಲಿಲ್ಲ, ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುವವರು ಕೂರುವ ಹಾಗೆ. ಅಕ್ಕ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸೋದು ಶುರುಮಾಡ್ತಾಳೆ, ಬುಧವಾರದಿಂದ, ಸೂಪ್ ನನ್ನ ಜವಾಬ್ದಾರಿ, ಅದಕ್ಕೇ ಪಾತ್ರೆ, ಅಂದಳು. ಒಳ್ಳೇದು, ಅಂದ — ಒಳ್ಳೇದಂತೆ, ಮತ್ತೆ ಅದೇ ಒಳ್ಳೇದು, ನಾಲಿಗೆಗೆ ಬೇರೆ ಮಾತೇ ಬರುವುದಿಲ್ಲವೇ ನಿನಗೆ — ಅವಳು ಕಿಟಕಿಯ ಕಡೆ ನೋಡಿದಳು, ಗಾಜಿನ ಹಬೆಯನ್ನು ಮಣಿಕಟ್ಟಿನಿಂದ ಒರೆಸಿದಳು, ಅದೇ ಮಣಿಕಟ್ಟು, ಅಕ್ಕಿಕಾಳಿನ ಗುರುತು ಅಲ್ಲೇ ಇದೆ, ಈಗ ಹೇಳು, ಈಗ. ಶರ್ಟಿನ ಗುಂಡಿ ಬಿದ್ದುಹೋಗಿದೆ, ಅಂದ. ಇನ್ನೊಂದು ಶರ್ಟಿಂದು, ಅಂತ ಸೇರಿಸಿದ. ಅವಳು ಮೂಗಿನಿಂದ ಉಸಿರು ಬಿಟ್ಟಳು. ಗಡಿಯಾರ ಓಡಿತು, ಇವನ ಅರ್ಧ ಗಂಟೆ, ಮೂಳೆ ಕಟ್ಟಿಕೊಟ್ಟ ಅರ್ಧ ಗಂಟೆ, ಗುಂಡಿಯ ಮಾತಿಗೆ ಒಂದಿಷ್ಟು, ನೀರಿನ ಬಿಲ್ಲಿನ ಮಾತಿಗೆ ಒಂದಿಷ್ಟು, ಮಗಳ ಪರೀಕ್ಷೆಗೆ ಒಂದಿಷ್ಟು, ಎಲ್ಲ ಸೋರಿಹೋಯಿತು. ನಾಲ್ಕೂ ಮೂವತ್ತೈದು. ಅವಳು ಎದ್ದು ಚಮಚದಲ್ಲಿ ಒಂದು ಗುಟುಕು ಊದಿ ಕುಡಿದು, ಆಯ್ತು, ಸೋಸಿಬಿಡಿ, ನಾಲ್ಕೂಮುಕ್ಕಾಲಿಗೆ ಒಂಬತ್ತನೇ ನಂಬರ್ ಇದೆಯಲ್ಲ, ಅಂದಳು. ಒಂಬತ್ತು. ಸೀಟು ಸಿಗುತ್ತೆ ಅಂತ ಇವನೇ ಹೇಳಿಕೊಟ್ಟ ಬಸ್ಸು. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು, ಹಾಂ ಅಕ್ಕಾ, ಇಲ್ಲೇ ಇದೀನಿ, ಹೊರಟೆ, ಇನ್ನು ಹತ್ತು ನಿಮಿಷ, ಅನ್ನುತ್ತ ಕಿಟಕಿಗೆ ಮುಖ ಮಾಡಿ ನಿಂತಳು.

ಇವನು ಸಿಂಕಿನಲ್ಲಿ ಜಾಲರಿ ಇಟ್ಟ. ಬಟ್ಟೆ ಹಿಡಿದು ಎರಡೂ ಹಿಡಿಕೆ ಎತ್ತಿದ, ದಾರ ಸುತ್ತಿದ ಹಿಡಿಕೆ ಬಟ್ಟೆಯೊಳಗೂ ಕೈಗೆ ಗೊತ್ತಾಯಿತು, ಹತ್ತು ನಿಮಿಷ ಅಂದಳು, ಹತ್ತು ನಿಮಿಷಕ್ಕೆ ಎಷ್ಟು ಸ್ಟಾಪು, ನಾಲ್ಕು, ನಾಲ್ಕು ಅಕ್ಷರ, ಅವಳ ಬೆನ್ನು ಎರಡೇ ಹೆಜ್ಜೆ ಹಿಂದಿದೆ, ಮನೆಯಲ್ಲಿದ್ದಾಳೆ, ಸೋಮವಾರ, ಮೂಳೆ ನೀರು, ಅವಳು ಹಿಂದೆ ಇದ್ದಾಳೆ, ಎಲ್ಲ ಸರಿಯಾಗಿಯೇ ಇದೆ ಅನ್ನಿಸಿತು ಒಂದು ಕ್ಷಣ, ಹಬೆ ಮುಖಕ್ಕೆ ಬಂತು, ಕಣ್ಣು ಮುಚ್ಚಿಕೊಂಡು ಬಗ್ಗಿಸಿದ. ಮೂಳೆ ದಡದಡ ಜಾಲರಿಗೆ ಬಿತ್ತು, ಈರುಳ್ಳಿ ಬಿತ್ತು, ನೀರು ಹೋಗುತ್ತಿರುವ ಸದ್ದು — ಸದ್ದು ಬೇರೆ ಥರ ಇದೆಯಲ್ಲ, ಬೋಗುಣಿ ತುಂಬುವ ಸದ್ದು ಹೀಗಿರುವುದಿಲ್ಲ, ಇದು ಗಟಗಟ ಅನ್ನುತ್ತಿದೆ, ಕೊಳವೆ ಕುಡಿಯುತ್ತಿದೆ. ಪಾತ್ರೆ ಖಾಲಿಯಾದ ಮೇಲೆ ಕೆಳಗೆ ನೋಡಿದ. ಜಾಲರಿ, ಅದರ ಕೆಳಗೆ ಸಿಂಕು, ಸಿಂಕಿನ ಬಾಯಿ, ಎಣ್ಣೆಯ ಒಂದೆರಡು ಚಕ್ರ ಸುತ್ತಿ ಸುತ್ತಿ ಒಳಗೆ ಹೋದವು. ನೀಲಿ ಅಂಚು ಇಲ್ಲ. ಕೈ ಇಲ್ಲ.

ಆಮೇಲೆ ಮಾಡ್ತೀನಕ್ಕಾ, ಅಂತ ಅವಳು ಫೋನ್ ಇಟ್ಟದ್ದು ಕೇಳಿಸಿತು. ಹತ್ತಿರ ಬಂದು ನೋಡಿದಳು, ಖಾಲಿ ಪಾತ್ರೆ, ಜಾಲರಿಯಲ್ಲಿ ಬಿಳಿಚಿಕೊಂಡ ಮೂಳೆ, ಒಣಗಿದ ಧ್ವನಿಯಲ್ಲಿ ಅಂದಳು, ಅಷ್ಟೊಂದು ಅವಸರನಾ, ಪಾತ್ರೆ ಖಾಲಿ ಮಾಡಿ ನನ್ನ ಕಳಿಸೋಕೆ. ಇಲ್ಲ ಕಣೆ, ಇಲ್ಲ. ಮತ್ತೇನಿದು, ನಾಲ್ಕು ಗಂಟೆ ಬೇಯಿಸಿದ್ದನ್ನ ಮೋರಿಗೆ ಸುರಿದಿದೀರಲ್ಲ, ಕೆಳಗೆ ಬೋಗುಣಿ ಇಡಬೇಕು ಅಂತ ಗೊತ್ತಾಗಲ್ವಾ. ಗೊತ್ತು. ಗೊತ್ತಿದ್ರೆ? — ಮಾತು ಹಲ್ಲಿನ ಹಿಂದೆ ಬಂದು ನಿಂತಿತು, ಯಾವಾಗಿನ ಹಾಗೆ ತಿರುಗುವುದಕ್ಕೆ ನೋಡಿತು, ತಿರುಗಲು ಒಳಗೆ ಜಾಗವಿರಲಿಲ್ಲ — ನೀನು ಇಡ್ತೀಯ ಅಂದ್ಕೊಂಡೆ, ಅಂದ. ನಾನು ಬಗ್ಗಿಸಿದ್ರೆ ನೀನು ಇಡ್ತೀಯ ಅಂತ, ಯಾವಾಗಲೂ ಇಡ್ತೀಯಲ್ಲ, ನಾನು ಕೆಳಗೆ ನೋಡೋದೇ ಇಲ್ಲ, ನೀನು ಆಸ್ಪತ್ರೆಗೆ ಹೋದ ದಿನ ಮೂರು ಸ್ಟಾಪು ತಪ್ಪಿಸಿದೆ ಕಣೆ, ಬಸ್ಸು ನಿಲ್ಲಿಸಬೇಕು ಅಂತಾನೇ ಹೊಳೀಲಿಲ್ಲ, ಅಂತ ಇವನು ಮೂಳೆಗಳಿಗೆ ಹೇಳುತ್ತಿದ್ದಾನೆ, ಸಿಂಕಿಗೆ ಹೇಳುತ್ತಿದ್ದಾನೆ, ತಿರುಗಿ ಅವಳ ಮುಖ ನೋಡುವ ಧೈರ್ಯ ಇಲ್ಲ, ಖಾಲಿ ಪಾತ್ರೆ ಇನ್ನೂ ಕೈಯಲ್ಲೇ ಇದೆ, ಬಿಸಿ, ಭಾರವೇ ಇಲ್ಲ, ಹೋಗಬೇಡ, ಅಂದ, ಕನ್ನಡಿಯ ಮುಂದೆ ಹೇಳಿದ ಹಾಗಲ್ಲ, ಹೋಗಬೇಡ ಕಣೆ.

ಗಡಿಯಾರದ ಸದ್ದು, ಕೆಳಗಡೆ ರಸ್ತೆಯಲ್ಲಿ ಯಾವುದೋ ಬಸ್ಸಿನ ಬ್ರೇಕು, ಒಂಬತ್ತನೇ ನಂಬರ್ ಇರಬೇಕು, ಐದು ನಿಮಿಷ ಮುಂಚೆ ಬಂದಿದೆ, ಯಾರು ಓಡಿಸುತ್ತಿದ್ದಾರೋ, ನಿಂತಿತು, ಬಾಗಿಲು ತೆಗೆಯಿತು, ಬಾಗಿಲು ಹಾಕಿಕೊಂಡಿತು, ಹಿಂದೆ ಬಾಗಿಲ ಕಡೆಗೆ ಹೆಜ್ಜೆ ಹೋಗುತ್ತದೆ ಅಂತ ಕಿವಿಗೊಟ್ಟು ನಿಂತ, ಹೋಗಲಿಲ್ಲ, ಕೆಳಗಿನ ಕಪಾಟಿನ ಬಾಗಿಲು ಕಿರ್ ಅಂತು, ಆ ಕೀಲಿಗೆ ಎಣ್ಣೆ ಹಾಕಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದಳು, ಆಮೇಲೆ ಪಕ್ಕದಲ್ಲಿ ಅವಳ ಚೀಲ ತಾಕಿತು, ಹೆಗಲ ಮೇಲೇ ಇದೆ ಇನ್ನೂ, ಎಡಗೈ ಬಂತು, ಅಕ್ಕಿಕಾಳಿನ ಗುರುತು, ನೀಲಿ ಅಂಚಿನ ಬೋಗುಣಿಯನ್ನು ಜಾಲರಿಯ ಕೆಳಗೆ ತಳ್ಳಿತು, ಮೂಳೆಯಿಂದ ಒಂದು ತೊಟ್ಟು ಬಿತ್ತು, ಟಪ್, ಇನ್ನೊಂದು ಬಿತ್ತು, ಕೈ ಅಲ್ಲೇ ಇದೆ, ಬೋಗುಣಿ ಬಿಟ್ಟಿಲ್ಲ, ಟಪ್, ನೀಲಿ ಅಂಚು, ಕೈ, ಅಲ್ಲೇ —